ಒದ್ದೆ ಕೈಯ ಹಿಡಿ ಅಕ್ಕಿ

ನಮ್ಮ ಮನೆಯಲ್ಲಿ ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುತ್ತೇವೆ. ಅದಕ್ಕೆಂದೇ ಒಲೆಯ ಪಕ್ಕದ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ ಇದೆ. ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನ ಸಭೆಯ ಹೆಂಗಸರು ಮನೆಮನೆಗೆ ಬಂದು ಆ ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು ಹೋಗುತ್ತಾರೆ. ದಿಕ್ಕಿಲ್ಲದ ಮುದುಕಿಯರ ಒಲೆಗೆ ಅದು ಸೇರುತ್ತದೆ. ಮದುವೆಯಾಗಿ ಗಂಗಾವತಿಗೆ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದರು.

“ಒಂದ್ ಹಿಡಿಗೆ ಒಂದ್ ಸ್ತೋತ್ರ ಹೇಳ್ಬೇಕವಾ. ಬಾಯಿ ಮುಚ್ಕೊಂಡು ಹಾಕಿದ್ರ ಅದು ಬರೇ ಅಕ್ಕಿ.”

ಸ್ತೋತ್ರವೆಂದರೆ ನಮ್ಮಲ್ಲಿ ದೇವರಿಗೆ ಹೇಳುವ ಕೃತಜ್ಞತೆ. ನನಗೆ ಕಷ್ಟವೆನಿಸಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಸಿಸ್ಟರ್ ಒಂದು ಸೀಮೆಸುಣ್ಣ ಕೊಟ್ಟರೂ ಥ್ಯಾಂಕ್ಯೂ ಹೇಳಿಯೇ ಕೈ ಚಾಚುತ್ತಿದ್ದೆ. ನಲ್ಲಿಯಲ್ಲಿ ನೀರು ಬಂದದ್ದಕ್ಕೆ ಸ್ತೋತ್ರ, ಮಗಳ ಜ್ವರ ಇಳಿದದ್ದಕ್ಕೆ ಸ್ತೋತ್ರ, ಕಿಟಕಿಯ ಸರಳಿನ ಮೇಲೆ ಗುಬ್ಬಿ ಬಂದು ಕೂತದ್ದಕ್ಕೂ ಸ್ತೋತ್ರ.

ಆಮೇಲೆ ಯಾವುದೋ ಒಂದು ವರ್ಷ ನನ್ನ ಬಾಯಲ್ಲಿ ಸ್ತೋತ್ರ ನಿಂತುಹೋಯಿತು.

ಯಾರೂ ತೀರಿಕೊಂಡಿರಲಿಲ್ಲ. ಗಂಡ ಒಳ್ಳೆಯವರು. ಕಾರಣವೊಂದಿದ್ದರೆ ಯಾರಿಗಾದರೂ ತೋರಿಸಿ ಅಳಬಹುದಿತ್ತು. ಕುಕ್ಕರ್ ಕೂಗಿದರೆ ಎದೆ ಡವಗುಟ್ಟುತ್ತಿತ್ತು. ಮಗಳ ಜಡೆ ಹೆಣೆಯುತ್ತಾ, ಈಗ ಯಾವ ಎಳೆ ತರಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದೆ. ಭತ್ತ ಕೊಯ್ಯುವ ಯಂತ್ರಗಳು ರಸ್ತೆಯಲ್ಲಿ ಸಾಲಾಗಿ ಹೋಗುವಾಗ ಓಣಿಗೆಲ್ಲ ಸಡಗರ. ನಾನು ಬಾಗಿಲು ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂರುತ್ತಿದ್ದೆ. ಕೊಪ್ಪಳದ ಡಾಕ್ಟರು, ಇದು ಖಿನ್ನತೆ, ಜೊತೆಗೆ ಆತಂಕವೂ ಇದೆ ಎಂದು ಮಾತ್ರೆ ಬರೆದುಕೊಟ್ಟರು. ಆ ಮಾತ್ರೆಗಳನ್ನು ಅತ್ತೆ ಮೆಂತ್ಯದ ಡಬ್ಬಿಯಲ್ಲಿ ಹುದುಗಿಸಿಟ್ಟರು.

“ಸಭೆಯವ್ರಿಗೆ ಗೊತ್ತಾಗೂದು ಬ್ಯಾಡ. ವಿಶ್ವಾಸ ಕಮ್ಮಿ ಆಗೈತಿ ಅಂತಾರ.”

ನನ್ನ ಹೆದರಿಕೆಯೂ ಅದೇ. ಜನ ಅನ್ನುತ್ತಾರೆಂದಲ್ಲ, ಅದು ನಿಜವಾಗಿದ್ದರೆ ಎಂದು. ಇಷ್ಟೆಲ್ಲ ಕೊಟ್ಟವನಿಗೆ ಒಂದು ಸ್ತೋತ್ರ ಹೇಳಲಾಗದ ನಾನು ಅವನ ಮಗಳು ಹೇಗಾದೇನು?

ಹಿಡಿ ಅಕ್ಕಿ ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆದರೆ ಒಂದು ತಿಂಗಳು ದಿನವೂ ಅಕ್ಕಿ ತೊಳೆದು, ಬಿಳಿ ನೀರು ಬಗ್ಗಿಸುವಾಗ ಅದರ ನೆನಪಾಗುತ್ತಿತ್ತು. ಒದ್ದೆ ಅಕ್ಕಿಯನ್ನೇ ಹಿಂಡಿ, ತುಟಿ ಬಿಚ್ಚದೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುತ್ತಿದ್ದೆ. ನೀರು ಮುಟ್ಟಿಸುವ ಮೊದಲೇ ಹಿಡಿ ತೆಗೆಯಬೇಕೆಂದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ನಾನು ತಪ್ಪುತ್ತಿದ್ದೇನೆಂಬುದೇ ನನಗೆ ತಿಳಿಯಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಪಾಸ್ಟರ ಹೆಂಡತಿ ಪಾಸ್ಟರಮ್ಮ ಬಂದರು, ಜೊತೆಗೆ ಕಿರಾಣಿ ಅಂಗಡಿಯಾಕೆ. ಅಂಗಡಿಯಾಕೆ ಮುಚ್ಚಳ ತೆಗೆದವಳೇ ಮೂಗಿಗೆ ಸೆರಗು ಹಿಡಿದಳು.

“ಅಯ್ಯ ನಮ್ಮವ್ವ! ದೇವ್ರಿಗೆ ದ್ವಾಸಿ ಹಿಟ್ಟು ರುಬ್ಬಿಟ್ಟೀಯೇನ?”

ಪಾಸ್ಟರಮ್ಮ ನಗಲಿಲ್ಲ. ಬೆರಳಿನಿಂದ ಕೆದಕಿ ನೋಡಿದರು. ಅಕ್ಕಿ ಗಂಟುಗಟ್ಟಿ ಹಸಿರು ಬೂಷ್ಟು ಹಿಡಿದಿತ್ತು. “ಮನಸ್ಸು ಎಲ್ಲಿಟ್ಟಿದ್ದಿ ತಂಗಿ? ದಿನಾ ಪ್ರಾರ್ಥನಿ ಮಾಡ್ತೀಯೋ ಇಲ್ಲೋ?”

ನಾನು ನೆಲದ ಮೇಲೆ ಬಿದ್ದಿದ್ದ ಒಂದು ಕಾಳನ್ನು ನೋಡುತ್ತಿದ್ದೆ. “ಸ್ತೋತ್ರ ಬರವಲ್ದ್ರೀ ಅಮ್ಮಾ,” ಎಂದೆ. “ಬಾಯಿ ತೆಗದ್ರ ಏನೂ ಬರವಲ್ದು.”

ಅತ್ತೆ ಎದ್ದು ಒಳಗೆ ಹೋದರು. ನಾಚಿಕೆಯಾಗಿ ಹೋದರೆಂದುಕೊಂಡೆ. ಮೆಂತ್ಯದ ಡಬ್ಬಿ ಹಿಡಿದುಕೊಂಡು ಬಂದರು. ಮಾತ್ರೆಗಳನ್ನು ತೆಗೆದು, ಅಂಟಿದ್ದ ಮೆಂತ್ಯದ ಕಾಳು ಕೊಡವಿ, ಪಾಸ್ಟರಮ್ಮನ ಮುಂದಿಟ್ಟರು.

“ನಿಮಗ ಬಿಪಿ ಗುಳಿಗಿ ಅದಾವಲ್ರಿ, ಹಂಗ ಆಕಿಗೆ ಇವು. ಆರಾಮಿಲ್ಲ ನಮ್ಮ ಹುಡುಗಿಗೆ. ಪ್ರಾರ್ಥನಿ ಮಾಡೂದಿದ್ರ ಮಾಡ್ರಿ. ಕೆದಕೂದು ಬ್ಯಾಡ.”

ಪಾಸ್ಟರಮ್ಮ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮಾತುಗಳು ನನಗೆ ನೆನಪಿಲ್ಲ. ಅವರ ಬೆರಳಿಗೆ ಹತ್ತಿದ್ದ ಅಕ್ಕಿಯ ಹುಳಿ ವಾಸನೆ ನೆನಪಿದೆ.

ಅಕ್ಕಿ ತಿಪ್ಪೆಗೆ ಹೋಯಿತು. ಅತ್ತೆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದರು. ಮರುದಿನ ನಾನು ಅಕ್ಕಿಗೆ ಕೈ ಹಾಕಿದಾಗ ಬೆನ್ನ ಹಿಂದೆ ಬಂದು ನಿಂತರು.

“ನೀ ಹಿಡಿ ಹಾಕು. ಸ್ತೋತ್ರ ನಾ ಹೇಳ್ತೀನಿ.”

“ಹಂಗ ನಡೀತೈತೇನ್ರಿ ಅತ್ತಿ?”

“ನಡೀದಿದ್ರ ಅವ ನನ್ನ ಕೇಳ್ಲಿ.”

ಅಂದಿನಿಂದ ಕೈ ನನ್ನದು, ಬಾಯಿ ಅವರದು. ಇವತ್ತು ಒಂದೇ ಮೊಣಕಾಲು ನೋಯುತ್ತಿದೆ, ಸ್ತೋತ್ರ. ಸೊಸೆ ತಲೆ ಬಾಚಿಕೊಂಡಿದ್ದಾಳೆ, ಸ್ತೋತ್ರ. ಕೆಲವು ದಿನ ನನಗೆ ನಗು ಬರುತ್ತಿತ್ತು. ಬಹಳ ದಿನ ಅದೂ ಬರುತ್ತಿರಲಿಲ್ಲ. ಅವರು ಒಮ್ಮೆಯೂ, ನಿನಗೆ ಇನ್ನೂ ಬರಲಿಲ್ಲವೇ ಎಂದು ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅತ್ತೆ ಹೋದರು. ಮಣ್ಣು ಮಾಡಿ ಬಂದ ಮೇಲೆ ಕೆಲವು ದಿನ ಸಭೆಯವರೇ ಊಟ ತಂದುಕೊಟ್ಟರು. ನಾನು ಒಲೆ ಹಚ್ಚಲಿಲ್ಲ. ಮತ್ತೆ ಅಡುಗೆಮನೆಗೆ ಹೋದ ದಿನ, ರೂಢಿಯಂತೆ ಒಣ ಅಕ್ಕಿಯನ್ನು ಹಿಡಿಯಲ್ಲಿ ತೆಗೆದುಕೊಂಡು ಡಬ್ಬಿಯ ಮೇಲೆ ಕೈಯಿಟ್ಟು ಕಾದೆ. ಹಿಂದಿನಿಂದ ಯಾರೂ ಮಾತಾಡಲಿಲ್ಲ. ಬಾಗಿಲ ಮರೆಯಲ್ಲಿ ಅವರ ಚಪ್ಪಲಿಗಳು ಹಾಗೆಯೇ ಇದ್ದವು, ಎಡಗಾಲಿನದು ಹಿಮ್ಮಡಿಯಲ್ಲಿ ಸವೆದದ್ದು.

ಎಷ್ಟೋ ಹೊತ್ತಿನ ಮೇಲೆ, “ಅತ್ತಿನ ಕೊಟ್ಟಿದ್ದಿ ದೇವ್ರೆ,” ಎಂದೆ. ಸ್ತೋತ್ರ ಎಂಬ ಪದ ಬರಲಿಲ್ಲ. ಅಷ್ಟೇ ಸಾಕಾಯಿತೋ ಏನೋ ಗೊತ್ತಿಲ್ಲ. ಅಳು ಒತ್ತರಿಸಿ ಬಂತು. ಅಕ್ಕಿ ನೆನೆದೀತೆಂದು ಮುಖವನ್ನು ಅತ್ತ ತಿರುಗಿಸಿಕೊಂಡು, ಹಿಡಿಯನ್ನು ಡಬ್ಬಿಗೆ ಬಿಟ್ಟೆ.