ಯಾರೂ ಇಲ್ಲದ ಮನೆಯ ಕರೆಂಟು ಬಿಲ್ಲು

ಲಲಿತಾ, ಜಗಲಿಯ ದೀಪವನ್ನು ನಾನು ಹಚ್ಚುತ್ತಿರಲಿಲ್ಲ. ಹಚ್ಚಿದೆ, ಹಚ್ಚಿದೆ ಅಂತ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ಅದು ಸಣ್ಣ ತಪ್ಪು. ಅದನ್ನು ಮುಚ್ಚಲು ಮಾಡಿದ್ದು ದೊಡ್ಡದು. ಮಂಜನ ಸಂಸ್ಕಾರಕ್ಕೆ ಬ್ಯಾಂಕಿನಿಂದ ತೆಗೆದಿಡು ಅಂದೆಯಲ್ಲ, ಆ ಹಣವನ್ನು ನಾನು ತೆಗೆದಿಲ್ಲ. ಯಾಕೆ ಅನ್ನುವುದನ್ನು ಬರೆಯುತ್ತೇನೆ. ಓದಿದ ಮೇಲೆ ಅವನ ಹೆಸರಿನಲ್ಲಿ ದರ್ಭೆಯ ಗೊಂಬೆ ಸುಡುತ್ತೀಯೋ ಇಲ್ಲವೋ, ನೀನೇ ನೋಡು.

ಇದನ್ನೇ ಪೊಲೀಸ್ ಸ್ಟೇಷನ್ನಿಗೂ ಕೊಡುತ್ತೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯಬೇಕಾಗಿದೆ. ನಾನು ಬಂಗಾರಮ್ಮ, ಹೊಸನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟವಳು. ನಿನ್ನ ಅಮ್ಮ ಗಿರಿಜಕ್ಕ ನನ್ನ ಜೊತೆಯವಳು. ನೀನು ಮಸ್ಕತ್ತಿನ ಆಸ್ಪತ್ರೆ ಕೆಲಸಕ್ಕೆ ಹೋದವಳು. ಮಂಜ ನಿನ್ನ ತಮ್ಮ, ಲಗೇಜ್ ಆಟೋ ಓಡಿಸುತ್ತಿದ್ದ. ಒಂದು ದಿನ ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ಆಟೋ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು ಎಲ್ಲಿಗೋ ಹೋದ. ಅದಕ್ಕೆ ಮೊದಲೇ ಅವನು ಒಬ್ಬನೇ ಮಾತಾಡುತ್ತಿದ್ದ. ಗಿರಣಿಗೆ ಅಕ್ಕಿ ತಂದು ಇಳಿಸಿ, ಗೋಡೆ ನೋಡುತ್ತ ನಿಲ್ಲುತ್ತಿದ್ದ. ನಾವೆಲ್ಲ ನೋಡಿದ್ದೆವು. ಯಾರೂ ಬಾಯಿ ಬಿಡಲಿಲ್ಲ.

ಅವನು ಹೋದ ಮೇಲೆ ಗಿರಿಜಕ್ಕ ಸಂಜೆಯಾದರೆ ಜಗಲಿಯ ಬಲ್ಬು ಹಾಕುತ್ತಿದ್ದಳು, ಬೆಳಗಿನವರೆಗೂ ಆರಿಸುತ್ತಿರಲಿಲ್ಲ. ಮಗ ದಾರಿ ಮೇಲೆ ಬಂದರೆ ಮನೆಯಲ್ಲಿ ಜನ ಇದ್ದಾರೆ ಅಂತ ಗೊತ್ತಾಗಲಿ ಅಂತ. ಅವಳು ಸತ್ತಾಗ ಬೆಂಕಿ ಕೊಡಲು ಮಗ ಇರಲಿಲ್ಲ. ನೀನು ಬಂದು ಮುಟ್ಟುವಷ್ಟರಲ್ಲಿ ದಾಯಾದಿಯೊಬ್ಬನನ್ನು ಹುಡುಕಿ ಅವನ ಕೈಯಲ್ಲಿ ಎಲ್ಲ ಮುಗಿಸಿದ್ದರು. ನೀನು ಮರಳಿ ಹೋಗುವಾಗ ಬ್ಯಾಂಕಿನಲ್ಲಿ ನಿನ್ನ ಖಾತೆಗೆ ನನ್ನ ಹೆಸರನ್ನೂ ಸೇರಿಸಿದೆ. ಕರೆಂಟು ಬಿಲ್ಲು, ಪಂಚಾಯ್ತಿಯ ನೀರಿನ ಬಿಲ್ಲು, ಮನೆ ಕಂದಾಯ, ಹೆಂಚು ಬದಲಾಯಿಸಿದರೆ ಅದರ ಖರ್ಚು — ಎಲ್ಲ ಅದರಿಂದ ತೆಗೆದು ಕಟ್ಟು ಅಂದೆ. ಮುಂಬಾಗಿಲಿನ ಕೀಲಿ ಕೊಟ್ಟೆ. ಬಸ್ಸು ಹತ್ತುವಾಗ ಹೇಳಿದೆ, "ಚಿಕ್ಕಮ್ಮ, ಬಿಲ್ಲು ಒಂದು ತಿಂಗ್ಳು ತಪ್ಪಿದ್ರೂ ಅಡ್ಡಿಲ್ಲ. ಲೈಟು ತಪ್ಪಿಸ್ಬೇಡ."

ಬಿಲ್ಲುಗಳನ್ನು ತಪ್ಪಿಸಲಿಲ್ಲ. ಹಣದಲ್ಲಿ ಮೋಸ ಮಾಡಲಿಲ್ಲ, ಅಲ್ಲಿ ಹುಡುಕಬೇಡ. ಲೈಟು ತಪ್ಪಿಸಿದೆ.

ಮೊದಲು ದಿನಾ ಹೋಗುತ್ತಿದ್ದೆ. ಆಮೇಲೆ ಮೊಣಕಾಲು ನೋವು ಅಂತ ಬಿಟ್ಟೆ. ಮೊಣಕಾಲು ನೋವಿದ್ದದ್ದು ನಿಜ, ಆದರೆ ಆ ನೋವಿನಲ್ಲೇ ಸಂತೆಗೆ ಹೋಗುತ್ತಿದ್ದೆ. ಮನೆಯೊಳಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಗಿರಿಜಕ್ಕನ ಮಂಚ, ಗಿರಿಜಕ್ಕನ ಚಪ್ಪಲಿ. ಸ್ವಿಚ್ಚು ಒತ್ತಿ ತಿರುಗಿದರೆ ಬೆನ್ನಿಗೆ ಯಾರೋ ನಿಂತ ಹಾಗೆ. ಬೀದಿಯ ಕೊನೆಯ ಮನೆ ಅದು. ಪಕ್ಕದಲ್ಲಿ ಮುಚ್ಚಿದ ಗೋದಾಮು, ಹಿಂದೆ ಕುರುಚಲು. ನಾನು ಹೋಗದಿದ್ದರೆ ಕೇಳುವವರು ಯಾರೂ ಇರಲಿಲ್ಲ.

ನಾನು ಹೋಗುವುದು ಬಿಟ್ಟ ವರ್ಷ, ಬೇಸಗೆ ಶುರುವಾದಾಗ, ಬಿಲ್ಲು ಕೊಡುವವನು ಗಿರಣಿ ಮುಂದೆ ಬೈಕು ನಿಲ್ಲಿಸಿದ. ಕರೆಂಟು ಬಿಟ್ಟಿ ಆಗುವ ಮೊದಲಿನ ಮಾತು ಇದು. ಎರಡು ಬಿಲ್ಲನ್ನೂ ನನ್ನ ಕೈಗೇ ಕೊಡುತ್ತಿದ್ದ, ಗಿರಣಿಯದ್ದು, ನಿನ್ನ ಮನೆಯದ್ದು.

"ಬಂಗಾರಮ್ಮ, ಆ ಮನೆಗೆ ಬಾಡಿಗೆಗೆ ಯಾರಾದ್ರೂ ಬಂದ್ರಾ?"

"ಯಾರೂ ಇಲ್ಲ ಮಾರಾಯ. ಬೀಗ ಹಾಕಿದ್ ಮನೆ."

"ಹಂಗಾರೆ ನಿಮ್ ಗಿರಿಜಕ್ಕ ದೋಸೆಗೆ ರುಬ್ತಿದಾಳೆ ಬಿಡಿ. ಯೂನಿಟ್ ಓಡಿದೆ."

ಅವನು ನಗುತ್ತ ಹೋದ. ನಾನು ಬಿಲ್ಲು ನೋಡಿದೆ. ಅಕ್ಷರ ನನಗೆ ನಿಧಾನ, ಲೆಕ್ಕ ಬೇಗ ಓದುತ್ತೇನೆ. ಓಡಿತ್ತು. ಬಲ್ಬು ಒಂದರದ್ದಲ್ಲ.

ಅವತ್ತೇ ನೀನು ಫೋನು ಮಾಡಿದೆ. ನಿನಗೆ ಅಲ್ಲೇ ಫೋನಿನಲ್ಲಿ ಬಿಲ್ಲು ಕಾಣುತ್ತದೆ ಅಂತ ನನಗೆ ಆಗ ತಿಳಿಯಿತು. ನನ್ನ ಸುಳ್ಳು ಸಿಕ್ಕಿಬಿದ್ದಿತು ಅಂದುಕೊಂಡೆ. ನೀನು ಹೇಳಿದ್ದು ಬೇರೆ. "ಚಿಕ್ಕಮ್ಮ, ಯೂನಿಟ್ ನೋಡ್ದೆ. ಫ್ಯಾನು ಹಾಕ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ತೀಯ ಅಲ್ವಾ. ಕೂತ್ಕೋ, ಬಿಲ್ಲಿಗೆ ಹೆದರ್ಬೇಡ. ಅಮ್ಮನ್ ಮನೇಲಿ ಒಬ್ರು ಕೂತಿದಾರೆ ಅಂದ್ರೆ ನಂಗಿಲ್ಲಿ ನಿದ್ದೆ ಬರುತ್ತೆ."

ನಾನು ಹೂಂ ಅಂದೆ. ಮೊಣಕಾಲಿಗೆ ಗಾಳಿ ಹಿತ ಅಂದೆ — ಇಷ್ಟು ಸಲೀಸಾಗಿ ಬಂತು ಬಾಯಿಗೆ.

ಮರುದಿನ ಮಧ್ಯಾಹ್ನ ನೋಡಲು ಹೋದೆ. ಮುಂಬಾಗಿಲಿನ ಬೀಗ ನಾನು ಹಾಕಿದ ಹಾಗೇ ಇತ್ತು, ಮೇಲೆ ಜೇಡ ಬಲೆ ಕಟ್ಟಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಜಗಲಿಯ ಬಲ್ಬು ಹೋಲ್ಡರಿನಲ್ಲಿ ಇರಲಿಲ್ಲ. ಯಾರೋ ಕದ್ದಿರಬೇಕು ಅಂದುಕೊಂಡೆ. ಮೀಟರು ಜಗಲಿಯ ಗೋಡೆಯಲ್ಲೇ ಇದೆಯಲ್ಲ, ಅದರ ಕೆಂಪು ದೀಪ ಮಿಣಕುತ್ತಿತ್ತು. ಗಿರಣಿ ಇಟ್ಟವಳಿಗೆ ಅದು ಗೊತ್ತಾಗುತ್ತದೆ. ಒಂದು ಬಲ್ಬಿಗೆ ನಿಧಾನ ಮಿಣಕುತ್ತದೆ, ಮೋಟಾರು ಹಾಕಿದರೆ ಜೋರು. ನಿಧಾನ ಮಿಣಕುತ್ತಿತ್ತು. ನಾನು ನೋಡುತ್ತ ನಿಂತಿದ್ದ ಹಾಗೆಯೇ ಜೋರಾಯಿತು.

ಒಳಗಿಂದ ಮಾತಿಲ್ಲ, ಹೆಜ್ಜೆಯಿಲ್ಲ. ಮನೆಯ ಪಕ್ಕಕ್ಕೆ ಹೋದೆ. ಬಚ್ಚಲಿನ ನೀರು ಹೋಗುವ ಚರಂಡಿ — ಊರಿನ ಬಾವಿಗಳೆಲ್ಲ ತಳ ಕಂಡ ಕಾಲ ಅದು — ಅಲ್ಲಿ ನೀರು ಹರಿಯುತ್ತಿತ್ತು. ಸಾಬೂನಿನ ನೊರೆ ಇತ್ತು. ಗಿರಿಜಕ್ಕ ಬಟ್ಟೆಗೆ ಹಾಕುತ್ತಿದ್ದ ಆ ಬಾರ್ ಸಾಬೂನಿನ ವಾಸನೆ.

ಮಗನ ಕೈಯ ನೀರು ಸಿಗದೆ ಹೋದವಳು. ಅವಳೇ ಅಂತ ನಂಬಿದೆ. ಊರಿನಲ್ಲಿ ಯಾರನ್ನು ಕೇಳಿದರೂ ಅವಳೇ ಅನ್ನುತ್ತಿದ್ದರು.

ಇಲ್ಲಿ ನಿಲ್ಲಿಸಿದರೆ ನಾನು ಹೆದರಿದ ಮುದುಕಿ ಅಷ್ಟೇ ಆಗುತ್ತೇನೆ. ಅಷ್ಟೇ ಆಗಿದ್ದರೆ ಈ ಕಾಗದ ಬೇಕಿರಲಿಲ್ಲ. ಕೀಲಿ ನನ್ನ ಸೊಂಟದಲ್ಲೇ ಇತ್ತು. ಬಾಗಿಲು ತೆಗೆಯಬಹುದಿತ್ತು, ನಾಲ್ಕು ಜನರನ್ನು ಕರೆದುಕೊಂಡು ಬಂದು ತೆಗೆಸಬಹುದಿತ್ತು. ತೆಗೆಯಲಿಲ್ಲ. ಯಾಕೆಂದರೆ ಒಳಗಿರುವುದು ಸತ್ತವಳಾದರೆ ನನ್ನ ಸುಳ್ಳು ಉಳಿಯುತ್ತಿತ್ತು. ಬದುಕಿದ ಮನುಷ್ಯನಾದರೆ ಉಳಿಯುತ್ತಿರಲಿಲ್ಲ. ಇಷ್ಟು ದಿನ ನೀನು ಬರಲೇ ಇಲ್ಲವಾ ಚಿಕ್ಕಮ್ಮ ಅಂತ ನೀನು ಕೇಳುತ್ತಿದ್ದೆ. ಹಾಗಾಗಿ ನನಗೆ ದೆವ್ವವೇ ಬೇಕಾಗಿತ್ತು.

ಇನ್ನೊಂದು ಬಿಲ್ಲು ಬಂತು. ಮತ್ತೊಂದು ಬಂತು. ಓಡುತ್ತಲೇ ಇತ್ತು. ನಿನ್ನ ಖಾತೆಯಿಂದ ತೆಗೆದು ಕಟ್ಟಿದೆ. ನೀನು ಪ್ರತಿ ಸಲವೂ ಫ್ಯಾನಿನ ಮಾತು ಎತ್ತಿದೆ. ಗಿರಣಿಗೆ ಬಂದ ಹೆಂಗಸರು ಹಿಟ್ಟು ಬೀಳುವವರೆಗೆ ಆ ಮನೆಯ ಸುದ್ದಿ ಆಡತೊಡಗಿದರು. ನಿನ್ನ ಕಿವಿಗೆ ಬೀಳುವ ಮೊದಲು ಇದನ್ನು ನಿಲ್ಲಿಸಬೇಕು ಅಂತ ನನ್ನ ತಲೆಗೆ ಹೊಕ್ಕಿತು.

ಒಂದು ಸಂಜೆ ಹೋದೆ. ಇನ್ನೂ ಬೆಳಕಿತ್ತು. ಜಗಲಿ ಹತ್ತಿ ಫ್ಯೂಸು ಕಿತ್ತೆ. ಮೀಟರಿನ ಕೆಂಪು ದೀಪ ಮಿಣಕುವುದು ನಿಂತಿತು.

ಆಗ ಒಳಗಿಂದ ಮಾತು ಬಂತು.

"ಅಮ್ಮಾ, ಕರೆಂಟು ಹೋಯ್ತು."

ಗಾಬರಿಯ ದನಿಯಲ್ಲ. ಊಟಕ್ಕೆ ಕೂತವನು ಅಡುಗೆಮನೆಯಲ್ಲಿರುವ ತಾಯಿಗೆ ಹೇಳುವ ಹಾಗೆ. ಹೇಳಿ, ಅವಳ ಉತ್ತರಕ್ಕೆ ಕಾಯುವ ಹಾಗೆ ಸುಮ್ಮನಾದ.

ಲಲಿತಾ, ಅದು ಮಂಜನ ದನಿ. ನನಗೆ ಗುರುತು ಸಿಕ್ಕಿತು. ಸಿಗಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ, ಗಾಳಿ ಅಂದುಕೊಂಡೆ, ದೆವ್ವಕ್ಕೆ ಬೇಕಾದ ದನಿ ಬರುತ್ತದೆ ಅಂದುಕೊಂಡೆ — ಸಿಕ್ಕಿತ್ತು. ನನ್ನ ಗಿರಣಿಯ ಬಾಗಿಲಲ್ಲಿ ನಿಂತು ಚಿಕ್ಕಮ್ಮ ಅಂತ ಎಷ್ಟು ಸಲ ಕೂಗಿದ ದನಿ ಅದು. ಬಾಗಿಲಿನ ಆಚೆ ಅವನು, ಈಚೆ ನಾನು. ಮಂಜಾ ಅಂತ ಒಂದು ಮಾತು ಸಾಕಿತ್ತು. ನಾನು ಫ್ಯೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಸದ್ದಾಗದ ಹಾಗೆ ಜಗಲಿ ಇಳಿದು ಬಂದೆ.

ಬೆಳಗಾದ ಮೇಲೆ ಕೀಲಿ ತೆಗೆದು ಒಳಗೆ ಹೋದೆ. ಯಾರೂ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು. ಆ ಬಾಗಿಲಿನ ಸಂದಿಯಲ್ಲಿ ಕತ್ತಿ ತೂರಿಸಿ ಅಡ್ಡಗೋಲು ಎತ್ತುವುದು ನಿಮ್ಮ ಮನೆಯವರನ್ನು ಬಿಟ್ಟರೆ ನನಗಷ್ಟೇ ಗೊತ್ತು. ನಾನು ಅದನ್ನು ಮರೆತೇ ಬಿಟ್ಟಿದ್ದೆ. ಜಗಲಿಯ ಬಲ್ಬು ಅಡುಗೆಮನೆಯಲ್ಲಿತ್ತು. ಅವನಿಗೆ ಅಂತ ನೀನು ಹಚ್ಚಲು ಹೇಳಿದ ಬಲ್ಬು. ನಾನು ಒಂದು ದಿನ ಹಚ್ಚಲು ಹೋಗಿದ್ದರೂ ಗೊತ್ತಾಗುತ್ತಿತ್ತು.

ಅಡುಗೆಮನೆಯಲ್ಲಿ ಎರಡು ತಟ್ಟೆ ಹಾಕಿತ್ತು. ಒಂದರಲ್ಲಿ ಅರ್ಧ ಉಂಡ ಅನ್ನ. ಇನ್ನೊಂದರಲ್ಲಿ ಬಡಿಸಿದ ಅನ್ನ ಹಾಗೇ ಇತ್ತು, ಪಕ್ಕದಲ್ಲಿ ಒಂದು ಚೊಂಬು ನೀರು. ಗಿರಿಜಕ್ಕನ ಮಂಚದ ಮೇಲೆ ಹಾಸಿಗೆ ಬಿಡಿಸಿತ್ತು. ಅವಳ ಹಸಿರು ಸೀರೆಯನ್ನು ಒಗೆದು ಒಳಗಿನ ಹಗ್ಗಕ್ಕೆ ಹಾಕಿತ್ತು. ಮುಟ್ಟಿದೆ, ಒದ್ದೆ ಇತ್ತು. ಅವಳು ಸತ್ತದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ. ಕೇಳುವವಳು ನಾನೊಬ್ಬಳೇ ಇದ್ದೆ, ಕೇಳಲಿಲ್ಲ.

ಆಗಲಾದರೂ ನಿನಗೆ ಫೋನು ಮಾಡಬೇಕಿತ್ತು. ಊರಿನಲ್ಲಿ ಕೂಗಿ ಹೇಳಿದ್ದರೆ ಮಧ್ಯಾಹ್ನದೊಳಗೆ ಹುಡುಕಿ ತರುತ್ತಿದ್ದರು, ನಡೆದು ಎಷ್ಟು ದೂರ ಹೋಗಿರುತ್ತಾನೆ. ನಾನು ಏನು ಮಾಡಿದೆ ಅಂದರೆ, ತಟ್ಟೆ ತೊಳೆದೆ. ಅನ್ನವನ್ನು ನಾಯಿಗೆ ಹಾಕಿದೆ. ಸೀರೆ ಒಣಗಿಸಿ ಪೆಟ್ಟಿಗೆಯಲ್ಲಿಟ್ಟೆ. ಬಲ್ಬನ್ನು ಜಗಲಿಗೆ ಹಾಕಿ, ಫ್ಯೂಸು ಕೂರಿಸಿದೆ. ಆಮೇಲೆ ಬಡಗಿಯನ್ನು ಕರೆಸಿ ಹಿಂಬಾಗಿಲಿಗೆ ಒಳಗಿನಿಂದ ಕಬ್ಬಿಣದ ಪಟ್ಟಿ ಹೊಡೆಸಿದೆ. ಇನ್ನು ಕತ್ತಿ ತೂರಿಸಿ ಯಾರೂ ಅಡ್ಡಗೋಲು ಎತ್ತುವ ಹಾಗಿರಲಿಲ್ಲ.

ಬಡಗಿಗೆ ಕೊಟ್ಟದ್ದು ನಿನ್ನ ಖಾತೆಯ ಹಣ. ಹಿಂಬಾಗಿಲು ರಿಪೇರಿ ಅಂತ ನಿನಗೆ ಹೇಳಿದೆ. "ಒಳ್ಳೇದ್ ಮಾಡ್ದೆ ಚಿಕ್ಕಮ್ಮ, ಕಳ್ಳಕಾಕರ ಕಾಲ" ಅಂದೆ ನೀನು. ನಿನ್ನ ತಮ್ಮನನ್ನು ನಿನ್ನ ದುಡ್ಡಿನಲ್ಲೇ ಹೊರಗೆ ಹಾಕಿ ಬಾಗಿಲು ಮುಚ್ಚಿದೆ.

ಅಂದಿನಿಂದ ದೀಪ ತಪ್ಪಿಸಿಲ್ಲ. ಇದನ್ನು ಪುಣ್ಯ ಅಂತ ಹೇಳುತ್ತಿಲ್ಲ. ಬಿಲ್ಲಿನಲ್ಲಿ ಯೂನಿಟ್ ಕಡಿಮೆಯಾದರೆ ನೀನು ಕೇಳುತ್ತೀಯ ಅಂತ ಫ್ಯಾನನ್ನೂ ಹಾಕಿಕೊಂಡು ಕೂರುತ್ತಿದ್ದೆ. ಆ ಮನೆಯಲ್ಲಿ ಕೂತರೆ ಈಗ ಗಿರಿಜಕ್ಕನ ಹೆದರಿಕೆ ಇಲ್ಲ. ಆದರೆ ಕರೆಂಟು ಹೋದರೆ ಎದ್ದು ಹೊರಗೆ ಬರುತ್ತೇನೆ. ಕತ್ತಲಿಗಲ್ಲ. ಕರೆಂಟು ಹೋದ ಕೂಡಲೇ ಮನೆಯೊಳಗೆ ಒಂದು ಮಾತು ಬರಬೇಕು ಅನ್ನಿಸುತ್ತದೆ. ಬರುವುದಿಲ್ಲ. ಬರುವವರೆಗೆ ಮನೆ ಕಾಯುತ್ತದೆ — ಅದನ್ನು ನಾನು ಬರೆದು ಹೇಳಲಾರೆ.

ಇನ್ನೂ ಒಂದು ಉಳಿದಿದೆ. ಅದೇ ವರ್ಷ ಮಳೆ ಬಿಟ್ಟ ಮೇಲೆ ಹಿತ್ತಲಿನ ಕಳೆ ಕೀಳಲು ಹೋಗಿದ್ದೆ. ಹಿಂಬಾಗಿಲಿನ ಸಂದಿಯಲ್ಲಿ ಮರ ಸುಲಿದಿತ್ತು. ಕತ್ತಿ ತೂರಿಸಿದ ಗುರುತು, ಹೊಸದು, ಮೇಲಿನಿಂದ ಕೆಳಗಿನವರೆಗೆ. ಕಬ್ಬಿಣಕ್ಕೆ ತಾಗಿದ ಕಡೆಯಲ್ಲೆಲ್ಲ ಗೀರು ಬಿದ್ದಿತ್ತು. ಬಹಳ ಹೊತ್ತು ಪ್ರಯತ್ನ ಮಾಡಿದ್ದಾನೆ. ಅವನು ಮತ್ತೆ ಬಂದಿದ್ದ, ಜಗಲಿಯಲ್ಲಿ ದೀಪ ಉರಿಯುತ್ತಿದ್ದಾಗಲೇ ಬಂದಿದ್ದ. ಆ ಗುರುತಿನ ಮೇಲೆ ನಾನು ಎಣ್ಣೆ ಬಣ್ಣ ಬಳಿದೆ. ಆ ಖರ್ಚು ನಾನೇ ಹಾಕಿದೆ, ನಿನ್ನನ್ನು ಕೇಳಲು ಬಾಯಿ ಬರಲಿಲ್ಲ. ಆಮೇಲೆ ಹೊಸ ಗುರುತು ಬೀಳಲಿಲ್ಲ.

ಸ್ಟೇಷನ್ನಿನವರು ಆಗಾಗ ಗಿರಣಿಗೆ ಬಂದು, ಆ ಹುಡುಗನ ಸುದ್ದಿ ಏನಾದರೂ ಉಂಟಾ ಅಂತ ಕೇಳುತ್ತಿದ್ದರು. ಇಲ್ಲ ಅಂದೆ. ಕೇಳಿದಾಗಲೆಲ್ಲ ಇಲ್ಲ ಅಂದೆ. ಕೊನೆಗೆ ಅವರೂ ಬರುವುದು ಬಿಟ್ಟರು.

ಈಗ ನೀನು, ಕಾಯಬೇಕಾದ ವರ್ಷ ಕಾದಾಯಿತು, ತೀರ್ಥಹಳ್ಳಿಯ ಹೊಳೆಯ ದಂಡೆಯಲ್ಲಿ ಗೊಂಬೆ ಮಾಡಿ ಸುಟ್ಟು ಅವನಿಗೊಂದು ಗತಿ ಕಾಣಿಸೋಣ ಅನ್ನುತ್ತಿದ್ದೀಯ. ಪುರೋಹಿತರಿಗೆ ಹೇಳಿದ್ದೀಯ, ರಜೆ ಹಾಕಿದ್ದೀಯ. ನಾನು ಹಣ ತೆಗೆಯುವ ಚೀಟಿ ತುಂಬಿ ಬ್ಯಾಂಕಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಚೀಟಿ ಹರಿದು ಹೊರಗೆ ಬಂದೆ. ಆ ಎರಡನೇ ತಟ್ಟೆಗೆ ಬಡಿಸಿದವನನ್ನು ಸತ್ತವನು ಅಂತ ಸುಡುವುದಕ್ಕೆ ನಾನು ಸಹಿ ಹಾಕಲಾರೆ. ಸತ್ತಿರಬಹುದು. ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿಕೊಂಡವಳು ನಾನು.

ಬ್ಯಾಂಕಿನಲ್ಲಿ ನನ್ನ ಹೆಸರು ತೆಗೆಯಲು ಅರ್ಜಿ ಕೊಟ್ಟಿದ್ದೇನೆ, ಅದಕ್ಕೆ ನಿನ್ನ ಸಹಿಯೂ ಬೇಕಂತೆ. ಹಿಂಬಾಗಿಲಿನ ಪಟ್ಟಿಯನ್ನು ನಿನ್ನೆ ಕೀಳಿಸಿದೆ. ನಾಳೆ ಮೊದಲ ಬಸ್ಸಿಗೆ ಸಾಗರಕ್ಕೆ ಹೋಗುತ್ತೇನೆ. ಹೆಸರು ಹೇಳಲಾರದ ಗಂಡಸರನ್ನು ಇಟ್ಟುಕೊಂಡು ಊಟ ಹಾಕುವ ಒಂದು ಆಶ್ರಮ ಆ ಕಡೆ ಇದೆಯಂತೆ. ಗಿರಣಿಗೆ ಬಂದವರು ಹಿಂದೆಯೇ ಹೇಳಿದ್ದರು. ಕೇಳಿಯೂ ಹೋಗದೆ ಇದ್ದೆ. ಅಲ್ಲಿ ಇಲ್ಲದಿದ್ದರೆ ಮುಂದೆ ಎಲ್ಲಿ ಅಂತ ಅವರನ್ನೇ ಕೇಳುತ್ತೇನೆ.

ನೀನು ಬಂದಾಗ ನನ್ನ ಮನೆಗೆ ಬರಬೇಕಾಗಿಲ್ಲ. ಚಿಕ್ಕಮ್ಮ ಅನ್ನಬೇಕಾಗಿಲ್ಲ. ಅವನು ಸಿಕ್ಕಿದರೆ ಫ್ಯೂಸು ಕಿತ್ತದ್ದು ಯಾರು ಅಂತ ಅವನಿಗೂ ನಾನೇ ಹೇಳುತ್ತೇನೆ. ಸಿಗದಿದ್ದರೆ — ನೀನು ಕಾಯುವುದನ್ನು ನಿಲ್ಲಿಸಬಹುದು ಲಲಿತಾ, ನಿನಗೆ ಅಧಿಕಾರ ಇದೆ. ನನಗೆ ಇಲ್ಲ.