ಬಿಕ್ಕಳಿಕೆಯ ಮದ್ದು

ಪಕ್ಕದ ಮನೆಯಲ್ಲಿ ಯಾರಿಗೋ ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದ್ದಾರೆ. ಘಾಟು ಗೋಡೆ ದಾಟಿ ಬಂದು ನನ್ನನ್ನು ಕೆಮ್ಮಿಸುತ್ತಿದೆ. ಈ ಘಾಟಿಗೆ ನಿಮಗೆ ಏನು ನೆನಪಾಗುತ್ತದೋ ಕಾಣೆ, ನನಗಂತೂ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ನೆನಪಾಗುವುದು.

ಬಸರಾಳಿನ ಹತ್ತಿರದ ನಮ್ಮೂರಿಗೆ ಅವರು ಬಂದಿದ್ದು ಮಳವಳ್ಳಿಯಿಂದ. ಗಂಡು ಡ್ರಿಲ್ ಮೇಷ್ಟ್ರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಂಥ ಆಳು. ಅಪ್ಪನಿಗೆ ನೋಡುತ್ತಲೇ ಹಿಡಿಸಿಬಿಟ್ಟರು. ಅಕ್ಕನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಉಪ್ಪಿಟ್ಟು ಬಾಯಿಗಿಟ್ಟರೋ ಇಲ್ಲವೋ ಮೇಷ್ಟ್ರಿಗೆ ಬಿಕ್ಕಳಿಕೆ ಹಿಡಿಯಿತು. ಸಣ್ಣದಲ್ಲ, ಕುರ್ಚಿ ಸಮೇತ ಎಗರುವಂಥದು.

"ಯಾರೋ ನೆನೀತಾವ್ರೆ ಕಣಪ್ಪ, ಅವ್ರ ಎಸ್ರು ಯೋಳು, ನಿಂತೋಯ್ತದೆ" ಎಂದರು ಅವರ ತಾಯಿ.

ನಮ್ಮ ದೊಡ್ಡಮ್ಮನ ಕಿವಿ ನೆಟ್ಟಗಾಯಿತು. "ಅಂಗೆ ಬುಡ್ದೆ ನೆನ್ಯೋರು ಯಾರವ್ವಾ ಅದು? ಎಣ್ಣಾ, ಗಂಡಾ?"

ಪಾಪ, ಮೇಷ್ಟ್ರು "ಯಾರೂ..." ಎನ್ನುವಷ್ಟರಲ್ಲಿ ಮತ್ತೊಂದು ಬಿಕ್ಕಳಿಕೆ ಬಂದು 'ಇಲ್ಲ'ವನ್ನು ನುಂಗಿಹಾಕಿತು. ದೊಡ್ಡಮ್ಮ ಅಪ್ಪನ ಮುಖ ನೋಡಿದಳು.

ಮಾತು ಕೆಡುವ ಮುಂಚೆ ಅಜ್ಜಿ ನಡುವೆ ಬಂದಳು. ಮೊದಲು ಬೆಲ್ಲ, ಶುಂಠಿ. ಆಮೇಲೆ ಮೂಗು ಮುಚ್ಚಿಸಿ, ಉಸಿರು ಬಿಡದಂತೆ ಒಂದು ಚೊಂಬು ನೀರು. ಅರ್ಧ ನೀರನ್ನು ಮೇಷ್ಟ್ರ ಬಿಳಿ ಅಂಗಿಯೇ ಕುಡಿಯಿತು. "ಇದು ದಿಷ್ಟಿ ಕಣ್ರಪ್ಪ, ಇಂತಾ ಆಳ್ಗೆ ತಾಗ್ದೆ ಇದ್ದದಾ?" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಸುರಿದಳು. ಮರುಗಳಿಗೆ ಎರಡೂ ಕಡೆಯವರು ಕಣ್ಣೊರೆಸಿಕೊಳ್ಳುತ್ತ ಕೆಮ್ಮತೊಡಗಿದರು. ಕೆಮ್ಮದೆ ಕೂತವರು ಮೇಷ್ಟ್ರೊಬ್ಬರೇ. ಅವರಿಗೆ ಬಿಕ್ಕಳಿಕೆಯಿಂದ ಪುರುಸೊತ್ತಿರಲಿಲ್ಲ.

"ಎದುರ್ಸುದ್ರೆ ನಿಲ್ತದೆ" ಎಂದ ಮೇಷ್ಟ್ರ ಸೋದರಮಾವ, ಹೆದರಿಸಲು ತಾವೇ "ಲೇ, ನಿನ್ ಬೈಕ್ ಕದ್ಬುಟ್ರು ಕಣ್ಲಾ!" ಎಂದು ಕೂಗಿದರು. ಬೈಕು ಕಿಟಕಿಯಲ್ಲೇ ಕಾಣುತ್ತಿತ್ತು.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಗಟ್ಟಿಯಾಗಿ ಅಂದಳು: "ನಂಗೀ ಗಂಡು ಬ್ಯಾಡ ಕಣಜ್ಜಿ."

ಕೆಮ್ಮು ನಿಂತಿತು. ಬಿಕ್ಕಳಿಕೆಯೂ ನಿಂತಿತು. ಅಪ್ಪನ ಕೈಯ ಕಾಫಿ ಲೋಟ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

ಮೊದಲು ಎಚ್ಚೆತ್ತವಳು ಅಜ್ಜಿ. "ನೋಡುದ್ರಾ! ನಮ್ಮುಡ್ಗಿ ಎಂಗೆ ಎದುರ್ಸಿ ನಿಲ್ಸುದ್ಲು!"

ಎಲ್ಲರೂ ನಕ್ಕರು, ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ಒದ್ದೆ ಅಂಗಿಯಲ್ಲೇ ಎದ್ದು ನಿಂತು, "ಬ್ಯಾಡ ಅಂದ್ರೆ ಬ್ಯಾಡ ಬುಡಿ, ಬೇಜಾರಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು" ಎಂದರು. ಅಕ್ಕ ಆಗಲೇ ಅವರನ್ನು ತಲೆಯೆತ್ತಿ ನೋಡಿದ್ದು.

ಆ ಮೇಷ್ಟ್ರ ಜೊತೆಗೇ ಅಕ್ಕನ ಮದುವೆ ಆಯಿತು. ಅಕ್ಕನ ಮದ್ದನ್ನು ಅಜ್ಜಿ ನಿಡಘಟ್ಟದ ನೆಂಟರವರೆಗೂ ಸಾರಿದಳು. ನಾನೂ ಕಡಿಮೆಯವಳಲ್ಲ, ಬಿಕ್ಕಳಿಸುವವರನ್ನು ಕಂಡಲ್ಲೆಲ್ಲ ಬೆನ್ನ ಹಿಂದೆ ನಿಂತು ಏನೇನೋ ಸುಳ್ಳು ಸುದ್ದಿ ಕಿರುಚಿದ್ದೇನೆ. ಬೈಗುಳ ಸಿಕ್ಕಿದೆಯೇ ಹೊರತು ಒಬ್ಬರ ಬಿಕ್ಕಳಿಕೆಯೂ ನಿಂತಿಲ್ಲ.

ಇವತ್ತು ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ. "ಅವತ್ತು ನೀನು ಎದುರ್ಸಕ್ಕೇ ಅಂಗಂದಿದ್ದಾ ಅಕ್ಕ?"

ಅಕ್ಕ ಪಿಸುದನಿಯಲ್ಲಿ, "ಎದುರ್ಸೋದೇನ್ ಬಂತು, ನಿಜವಾಗ್ಲೂ ಬ್ಯಾಡವಾಗಿತ್ತು ಕಣೆ. ಆ ಮನ್ಸ ಎದ್ದು ಅಂಗಂದ್ಮೇಲೆ ಬೇಕು ಅನ್ನುಸ್ತು. ನಿಮ್ ಬಾವಂಗೆ ಯೋಳ್ಬ್ಯಾಡ" ಎಂದಳು.

ಅವಳ ಪಕ್ಕದಿಂದಲೇ ಭಾವನ ದನಿ ಕೇಳಿಸಿತು. "ನಂಗೆ ಅವತ್ತೇ ಗೊತ್ತಾಗಿತ್ತು ಕಣಮ್ಮಿ. ಸುಳ್ಳಾಗಿದ್ರೆ ಬಿಕ್ಳಿಕೆ ನಿಲ್ತಿತ್ತಾ?"