ಟೈಲರ್ ಅಕ್ಕನ ಬೈಗುಳ

ಓ ಎದುರು ಬೀದಿಯವರೇ, ಕೇಳ್ರಪ್ಪೋ! ನಮ್ಮ ಟೈಲರ್ ಅಕ್ಕನ ಬಾಯಿ ಅಂದರೆ ತಮಟೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡವರಿಗೂ ಬೈಗುಳ, ಮನೆ ಜಾಲಾಡಲು ಬಂದ ಸಿಪಾಯಿಗಳಿಗೂ ‘ಬೂಟು ಒರೆಸ್ಕೊಂಡು ಬನ್ರೋ, ನೆಲ ನಿಮ್ಮಪ್ಪ ಒರೆಸ್ತಾನಾ?’ ಸರ್ವಾಧಿಕಾರಿಯ ವಿರುದ್ಧ ಗೋಡೆಗಳ ಮೇಲೆ ಬರೆದ ಅವಳ ತಂಗಿಯರಿಬ್ಬರೂ ಈಗ ಜೈಲಿನಲ್ಲಿದ್ದಾರೆ; ಭೇಟಿಗೆ ಬಿಡುವುದಿಲ್ಲ. ಹಾಗಾಗಿ ದಿನಾ ಸಂಜೆ ಅಂಗಡಿ ಮುಚ್ಚಿ, ಜೈಲಿನ ಗೋಡೆಯ ಹೊರಗೆ ನಿಂತೇ ಬೈಯುತ್ತಾಳೆ: ‘ಲೇ ಕತ್ತೆಗಳಾ, ತಲೆ ಬಾಚ್ಕೊಂಡ್ರೇನ್ರೇ?’ ಬೈಗುಳ ಕೇಳಿಸಿದರೆ, ಅಕ್ಕ ಇನ್ನೂ ಸಿಕ್ಕಿಬಿದ್ದಿಲ್ಲವೆಂದು ಒಳಗಿನವರಿಗೆ ಕಣ್ಣುತುಂಬ ನಿದ್ದೆ. ಇವತ್ತು ಕಾವಲುಗಾರ ಬಂದೂಕು ಎತ್ತಿ, ‘ಇನ್ನೊಂದು ಮಾತಾಡು, ನಿನ್ನನ್ನೂ ಒಳಗೆ ಹಾಕ್ತೀನಿ’ ಎಂದ. ‘ಮೊದ್ಲು ಅಂಗಿ ಗುಂಡಿ ಹಾಕ್ಕೊಳ್ಳೋ ತಮ್ಮಾ’ ಎಂದ ಅಕ್ಕ, ಗೋಡೆಯತ್ತ ತಿರುಗಿ, ನಿನ್ನೆಗಿಂತ ಜೋರಾಗಿ ಕೂಗಿದಳು: ‘ಲೇ, ಊಟ ಆಯ್ತೇನ್ರೇ?’